ಹ್ಯಾಂಡಿ ಕೊಳ್ಳುವ ಮುನ್ನ: ಯಾವ ಪರವಾನಗಿ, ಯಾವ ಸೆಟ್ಟು, ಯಾರಿಗೆ?

ಹೋದ ವರ್ಷ ಮೂವರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು: "ಯಾವ ಹ್ಯಾಂಡಿ ಕೊಳ್ಳಲಿ?" ಹ್ಯಾಂಡಿ ಎಂದರೆ ಕೈಯಲ್ಲಿ ಹಿಡಿಯುವ ರೇಡಿಯೊ ಸೆಟ್ಟು, ಜನರ ಬಾಯಲ್ಲಿ ವಾಕಿಟಾಕಿ. ಒಬ್ಬರು ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರು. ಇನ್ನೊಬ್ಬಳು ತುಮಕೂರಿನಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿರುವ ಹುಡುಗಿ, ನನ್ನ ಸ್ನೇಹಿತನ ಮಗಳು. ಮೂರನೆಯವರು ತಂತಿ ಕಚೇರಿಯಲ್ಲಿ ದುಡಿದು ನಿವೃತ್ತರಾಗಿ ಧಾರವಾಡದಲ್ಲಿ ನೆಲೆಸಿರುವ ಹಿರಿಯರು. ಮೂವರಿಗೂ ನಾನು ಹಾಕಿದ ಮರುಪ್ರಶ್ನೆ ಒಂದೇ: ಗುಂಡಿ ಒತ್ತಿ ಮಾತನಾಡಿದಾಗ ಆಚೆ ಕಡೆ ಕೇಳಿಸಿಕೊಳ್ಳುವವರು ಯಾರು? ಉತ್ತರ ಮೂರು ಬಗೆಯಾಗಿತ್ತು, ಸಲಹೆಯೂ ಮೂರು ಬಗೆಯಾಯಿತು. ಒಬ್ಬರಿಗೆ ಹ್ಯಾಮ್ ರೇಡಿಯೊವೇ, ಅಂದರೆ ಪರವಾನಗಿ ಪಡೆದ ಹವ್ಯಾಸಿಗಳ ರೇಡಿಯೊವೇ, ಬೇಡ ಎಂದೆ. ಒಬ್ಬರಿಗೆ ಹ್ಯಾಂಡಿ ಬೇಡ ಎಂದೆ. ಒಬ್ಬಳಿಗೆ ಮಾತ್ರ ಕೊಳ್ಳು ಎಂದೆ, ಅದೂ ಕೆಲವು ತಿಂಗಳು ತಡೆದು.

ತೋಟಕ್ಕೆ ಹ್ಯಾಮ್ ಏಕೆ ಒಗ್ಗುವುದಿಲ್ಲ

ಬೆಳೆಗಾರರ ಕಷ್ಟ ನಿಜವಾದದ್ದೇ. ಮೇಲಿನ ಕಣದಲ್ಲಿ ನಿಂತು ಕೆಳಗಿನ ಪಂಪ್‌ಹೌಸಿನಲ್ಲಿರುವ ರೈಟರಿಗೆ, ಅಂದರೆ ತೋಟದ ಗುಮಾಸ್ತರಿಗೆ, ಒಂದು ಮಾತು ಹೇಳಬೇಕೆಂದರೆ ಆಳನ್ನು ಓಡಿಸಬೇಕು. ಮೊಬೈಲ್ ಸಿಗ್ನಲ್ ಬೇಕಾದರೆ ಗೇಟಿನ ಬಳಿಯ ಬಂಡೆ ಹತ್ತಬೇಕು. ಹ್ಯಾಮ್ ಪರವಾನಗಿ ಅಗ್ಗ, ಸೆಟ್ಟು ಐದು ವ್ಯಾಟಿನದು, ಇನ್ನೇನು ಬೇಕು ಎಂದು ಯಾರೋ ಅವರ ತಲೆಗೆ ತುಂಬಿದ್ದರು.

ತೊಡಕು ಇರುವುದೇ ಅಲ್ಲಿ. ಹವ್ಯಾಸಿ ರೇಡಿಯೊ ಹೆಸರೇ ಹೇಳುವಂತೆ ಹವ್ಯಾಸಕ್ಕೆ ಮೀಸಲು. ಸ್ವಂತ ಕಲಿಕೆ, ಪ್ರಯೋಗ, ಇತರ ಹವ್ಯಾಸಿಗಳೊಡನೆ ಮಾತು, ವಿಪತ್ತಿನ ಹೊತ್ತಿನಲ್ಲಿ ನೆರವು, ಇಷ್ಟಕ್ಕಾಗಿ ಈ ಬ್ಯಾಂಡುಗಳನ್ನು, ಅಂದರೆ ಆವರ್ತನಗಳ ಪಟ್ಟಿಗಳನ್ನು, ಬಿಟ್ಟುಕೊಟ್ಟಿದ್ದಾರೆ. ವ್ಯಾಪಾರ ವಹಿವಾಟಿನ ಮಾತು ಕೂಡದು. ಎರಡೂ ತುದಿಯಲ್ಲಿ ಪರವಾನಗಿ ಉಳ್ಳವರೇ ಇರಬೇಕು. "ನಮ್ಮ ರೈಟರಿಂದಲೂ ಪರೀಕ್ಷೆ ಬರೆಸುತ್ತೇನೆ" ಎಂದು ಅವರು ನಕ್ಕರು. ರೈಟರು ಮೊದಲ ದರ್ಜೆಯಲ್ಲಿ ಪಾಸಾದರೂ, ಪಂಪು ಚಾಲೂ ಮಾಡು, ಗೊಬ್ಬರದ ಲಾರಿ ಬಂತು ಎಂಬ ಮಾತಿಗೆ ಆ ಬ್ಯಾಂಡಿನಲ್ಲಿ ಜಾಗವಿಲ್ಲ.

ಅವರಂಥವರಿಗೆ ಎರಡು ಸರಿಯಾದ ದಾರಿಗಳಿವೆ. ಮೊದಲನೆಯದು 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಪುಟ್ಟ ಪಟ್ಟಿ. ಅರ್ಧ ವ್ಯಾಟ್ ಮೀರದ ಸೆಟ್ಟುಗಳಿಗೆ ಇಲ್ಲಿ 2018ರಿಂದ ಪರವಾನಗಿ ಬೇಡ. ಬಯಲಿನಲ್ಲಿ ಒಂದೆರಡು ಕಿಲೋಮೀಟರ್ ಮಾತು ಸಾಗುತ್ತದೆ. ಮರದ ನೆರಳು ದಟ್ಟವಾಗಿರುವ ಮಲೆನಾಡಿನ ಇಳಿಜಾರಿನಲ್ಲಿ ಅದರ ಕಾಲುಭಾಗ ದಕ್ಕಿದರೂ ಪುಣ್ಯ, ಗುಡ್ಡದ ಮೈ ಅಡ್ಡ ಬಂದರೆ ಅದೂ ಇಲ್ಲ. ಚಾರಣಕ್ಕೆ ಹೋಗುವ ಗುಂಪಿಗೆ, ಒಂದರ ಹಿಂದೆ ಒಂದು ಹೊರಟ ಎರಡು ಕಾರುಗಳಿಗೆ, ಮದುವೆಮನೆಯ ಅಡುಗೆ ಮತ್ತು ಚಪ್ಪರದ ನಡುವಿನ ಕೂಗಾಟಕ್ಕೆ ಇದು ಧಾರಾಳವಾಗಿ ಸಾಕು. ಎರಡನೆಯದು ದೂರಸಂಪರ್ಕ ಇಲಾಖೆಯಿಂದ ಸಂಸ್ಥೆಯ ಸ್ವಂತ ಬಳಕೆಗೆಂದು ಪಡೆಯುವ ಪರವಾನಗಿ. ಅದರಲ್ಲಿ ನಿಮಗೆಂದೇ ಒಂದು ಆವರ್ತನ ಸಿಗುತ್ತದೆ, ಶಕ್ತಿಯೂ ಹೆಚ್ಚು. ಆದರೆ ಕಾಗದಪತ್ರದ ಕೆಲಸವಿದೆ, ಶುಲ್ಕವೂ ಇದೆ. ದೊಡ್ಡ ತೋಟಕ್ಕೆ ಇದೇ ಸರಿ.

ಹೆಚ್ಚಿನವರು ಹಿಡಿಯುವುದು ಮೂರನೆಯ ದಾರಿ: ಅಗ್ಗದ ಐದು ವ್ಯಾಟ್ ಸೆಟ್ಟು ತರಿಸಿಕೊಂಡು, ಖಾಲಿ ಕಂಡ ಆವರ್ತನದಲ್ಲಿ ಮಾತನಾಡುವುದು. ಖಾಲಿ ಕಂಡದ್ದು ಖಾಲಿಯೇ ಎಂದೇನೂ ಇಲ್ಲ; ಪೊಲೀಸರದೋ ರೈಲ್ವೆಯದೋ ಇರಬಹುದು. ಪರವಾನಗಿ ಇಲ್ಲದೆ ಪ್ರಸಾರದ ಸೆಟ್ಟನ್ನು ಬಳಸುವುದಿರಲಿ, ಇಟ್ಟುಕೊಳ್ಳುವುದೇ ಅಪರಾಧ ಎಂದು 1933ರ ಕಾಯ್ದೆಯೇ ಹೇಳಿತ್ತು. 2023ರ ದೂರಸಂಪರ್ಕ ಕಾಯ್ದೆಯೂ ಅದನ್ನೇ ಹೇಳುತ್ತದೆ. 2025ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ, ಆವರ್ತನವನ್ನಾಗಲೀ ಪರವಾನಗಿಯ ಅಗತ್ಯವನ್ನಾಗಲೀ ತಿಳಿಸದೆ ವಾಕಿಟಾಕಿ ಮಾರುತ್ತಿದ್ದ ಆನ್‌ಲೈನ್ ಮಾರುಕಟ್ಟೆಗಳಿಗೆ ನೋಟಿಸ್ ಕೊಟ್ಟು, ಇಂಥ ಮಾರಾಟಕ್ಕೆ ಮಾರ್ಗಸೂಚಿಯನ್ನೂ ಹೊರಡಿಸಿತು. ಬುಟ್ಟಿಗೆ ಹಾಕುವ ಗುಂಡಿ ಪರದೆಯ ಮೇಲಿದೆ ಎಂದ ಮಾತ್ರಕ್ಕೆ ಮಾಲು ಕಾನೂನಿಗೆ ಒಪ್ಪಿತ ಎಂದುಕೊಳ್ಳಬೇಡಿ.

ಬೆಳೆಗಾರರಿಗೆ ಸ್ವಲ್ಪ ಬೇಸರವಾಯಿತು. ಆದರೆ 446ರ ಒಂದು ಜೋಡಿ ತಂದು, ಕಣದ ತುದಿಯಲ್ಲಿ ನಿಂತರೆ ಪಂಪ್‌ಹೌಸಿನ ಬಾಗಿಲು ಕಣ್ಣಿಗೆ ಬೀಳುವ ಜಾಗ ಒಂದನ್ನು ಗುರುತು ಮಾಡಿಕೊಂಡಿದ್ದಾರೆ. ಕಣ್ಣಿಗೆ ಕಂಡರೆ ಅರ್ಧ ವ್ಯಾಟೂ ತಲುಪುತ್ತದೆ.

ನಿರ್ಬಂಧಿತವೋ ಸಾಮಾನ್ಯವೋ

ಹ್ಯಾಮ್ ಆಗಲೇಬೇಕು ಎನ್ನುವವರಿಗೆ ಮೊದಲ ಕವಲು ಪರವಾನಗಿಯ ದರ್ಜೆಯದು. ಭಾರತದಲ್ಲಿ ಈಗ ಎರಡು ದರ್ಜೆಗಳಿವೆ: ರಿಸ್ಟ್ರಿಕ್ಟೆಡ್ ಮತ್ತು ಜನರಲ್. ಮೊದಲನೆಯದರಲ್ಲಿ ಪಾಸಾದವರ ಕರೆ ಸಂಕೇತ, ಅಂದರೆ ರೇಡಿಯೊದಲ್ಲಿ ಅವರನ್ನು ಗುರುತಿಸುವ ಹೆಸರು, ವಿಯು3 ಎಂದು ಶುರುವಾಗುತ್ತದೆ, ಎರಡನೆಯದರಲ್ಲಿ ವಿಯು2 ಎಂದು. ಹನ್ನೆರಡು ವರ್ಷ ತುಂಬಿದ ಯಾರಾದರೂ ಪರೀಕ್ಷೆಗೆ ಕೂರಬಹುದು. ಇಂಥದೇ ಓದು ಓದಿರಬೇಕೆಂಬ ಕಟ್ಟಳೆ ಇಲ್ಲ.

ಎರಡಕ್ಕೂ ಲಿಖಿತ ಪರೀಕ್ಷೆಯಿದೆ. ಅದರ ಅರ್ಧ ವಿದ್ಯುತ್ತು ಮತ್ತು ರೇಡಿಯೊ ತತ್ವ: ಓಮ್‌ನ ನಿಯಮ, ಅನುರಣನ, ಸೂಪರ್‌ಹೆಟರೊಡೈನ್ (ಬಂದ ಅಲೆಯನ್ನು ಒಂದು ನಿಗದಿತ ಆವರ್ತನಕ್ಕೆ ಬದಲಿಸಿ ಸೋಸುವ) ರಿಸೀವರು, ಆಂಟೆನಾ, ತರಂಗಗಳು ಸಾಗುವ ಬಗೆ. ಇನ್ನರ್ಧ ನಿಯಮಗಳು: ಕ್ಯೂ ಸಂಕೇತಗಳು, ದೇಶಗಳ ಕರೆ ಸಂಕೇತದ ಮೊದಲಕ್ಷರಗಳು, ಅಪಾಯದ ಕರೆ, ಲಾಗ್ ಅಂದರೆ ಮಾತುಕತೆಯ ದಾಖಲೆ ಬರೆಯುವ ಕ್ರಮ. ಪಿಯುಸಿಯಲ್ಲಿ ಭೌತಶಾಸ್ತ್ರ ಓದಿದವರಿಗೆ ಮೊದಲರ್ಧ ಹಳೆಯ ಪರಿಚಯ. ನನಗೆ ಬೆವರು ಇಳಿಸಿದ್ದು ಎರಡನೆಯದು. ಕ್ಯೂಆರ್‌ಎಂ ಎಂದರೆ ಬೇರೆಯವರ ಸಿಗ್ನಲ್ಲಿನ ಅಡಚಣೆ, ಕ್ಯೂಆರ್‌ಎನ್ ಎಂದರೆ ಸಿಡಿಲು ಮಿಂಚಿನ ಗದ್ದಲ, ಕ್ಯೂಎಸ್‌ಬಿ ಎಂದರೆ ಸಿಗ್ನಲ್ ಏರಿಳಿಯುವುದು. ಇವನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡುವುದಲ್ಲದೆ ಬೇರೆ ಉಪಾಯ ನನಗೆ ಹೊಳೆಯಲಿಲ್ಲ.

ಜನರಲ್‌ಗೆ ಇದರ ಮೇಲೆ ಮೋರ್ಸ್ ಪರೀಕ್ಷೆ, ಅಂದರೆ ತಂತಿಯ ಚುಕ್ಕಿ ಗೆರೆಗಳ ಸಂಕೇತದ ಪರೀಕ್ಷೆ, ನಿಮಿಷಕ್ಕೆ 8 ಪದಗಳ ವೇಗದಲ್ಲಿ. ಒಂದು ಪದಕ್ಕೆ ಐದು ಅಕ್ಷರದ ಲೆಕ್ಕ, ಅಂದರೆ ನಿಮಿಷಕ್ಕೆ ನಲವತ್ತು ಅಕ್ಷರ ಕಿವಿಯಿಂದ ಕಾಗದಕ್ಕೆ ಇಳಿಯಬೇಕು, ಹಾಗೆಯೇ ಕೀಲಿಯಿಂದ ಕಳುಹಿಸಲೂ ಬರಬೇಕು. ದಿನಕ್ಕೆ ಇಪ್ಪತ್ತು ನಿಮಿಷ ಕೂತರೆ ಎರಡು ಮೂರು ತಿಂಗಳಲ್ಲಿ ಕೈಗೂಡುತ್ತದೆ. ಅಮೆರಿಕದಲ್ಲಿ ಮೋರ್ಸ್ ಪರೀಕ್ಷೆಯನ್ನು 2007ರಲ್ಲೇ ಪೂರ್ತಿ ಕೈಬಿಟ್ಟರು. ಅಲ್ಲಿನ ಮೊದಲ ಮೆಟ್ಟಿಲಾದ ಟೆಕ್ನಿಶಿಯನ್ ದರ್ಜೆಗೆ 35 ಪ್ರಶ್ನೆಗಳಲ್ಲಿ 26 ಸರಿ ಮಾಡಿದರೆ ಮುಗಿಯಿತು. ಅಲ್ಲಿರುವ ನಮ್ಮ ಕನ್ನಡದ ಗೆಳೆಯರು ಒಂದು ಶನಿವಾರದಲ್ಲಿ ಪಾಸಾಗಿ ಬಂದು ನಮ್ಮನ್ನು ಕಂಡು ಮರುಗುವುದು ಈ ಕಾರಣಕ್ಕೆ.

ಹ್ಯಾಂಡಿ ಒಂದನ್ನೇ ಲೆಕ್ಕಕ್ಕೆ ಹಿಡಿದರೆ ಎರಡು ದರ್ಜೆಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. 144ರಿಂದ 146 ಮೆಗಾಹರ್ಟ್ಸ್‌ನ ಎರಡು ಮೀಟರ್ ಬ್ಯಾಂಡು, 434ರಿಂದ 438ರ ಎಪ್ಪತ್ತು ಸೆಂಟಿಮೀಟರ್ ಬ್ಯಾಂಡು ಇಬ್ಬರಿಗೂ ತೆರೆದಿವೆ. ಅಂತರ ಕಾಣುವುದು ದೂರ ದೇಶಗಳನ್ನು ಮುಟ್ಟುವ ಎಚ್‌ಎಫ್ ಬ್ಯಾಂಡುಗಳಲ್ಲಿ: ವಿಯು3ರವರಿಗೆ 50 ವ್ಯಾಟ್, ವಿಯು2ರವರಿಗೆ 400 ವ್ಯಾಟ್. ಆ 50 ವ್ಯಾಟೂ ಕಡಿಮೆಯೇನಲ್ಲ. ಒಳ್ಳೆಯ ತಂತಿ ಕಟ್ಟಿದರೆ ಯುರೋಪು ಕೇಳಿಸಿಕೊಳ್ಳುತ್ತದೆ. ಹಾಗಾಗಿ ಓದುವ ಮಕ್ಕಳಿಗೂ ಕೆಲಸಕ್ಕೆ ಹೋಗುವವರಿಗೂ ನನ್ನ ಮಾತು ಸ್ಪಷ್ಟ: ಮೊದಲು ರಿಸ್ಟ್ರಿಕ್ಟೆಡ್. ಮೋರ್ಸಿಗಾಗಿ ಕಾದು ಎರಡು ವರ್ಷ ಕಳೆದವರನ್ನು ಬೇಕಾದಷ್ಟು ಕಂಡಿದ್ದೇನೆ.

ಧಾರವಾಡದ ಹಿರಿಯರು ಈ ಲೆಕ್ಕಕ್ಕೆ ಹೊರತು. ನಮ್ಮ ದೇಶದಲ್ಲಿ ತಂತಿ ಸೇವೆ ನಿಂತದ್ದು 2013ರ ಜುಲೈನಲ್ಲಿ. ಅವರ ಬೆರಳು ಅದಕ್ಕೂ ಎಷ್ಟೋ ವರ್ಷ ಮೊದಲೇ ಕೀಲಿ ಬಿಟ್ಟಿತ್ತು. ನಾನು ಫೋನಿನಲ್ಲಿ ಮೋರ್ಸಿನ ಪೀಪಿಯ ಸದ್ದು ಹಾಕಿ ಕೇಳಿಸಿದಾಗ ಅವರು ಹುಬ್ಬು ಗಂಟಿಕ್ಕಿದರು. ಅವರು ಓದುತ್ತಿದ್ದುದು ತಂತಿ ಯಂತ್ರವಾದ ಸೌಂಡರಿನ ಕಟಕಟ ಸದ್ದನ್ನು, ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಬಿಡುವನ್ನು. ಪೀಪಿ ಅವರ ಕಿವಿಗೆ ಪರಭಾಷೆ. ಮೇಜಿನ ಮೇಲೆ ಉಗುರಿನಿಂದ ಅದನ್ನೇ ಬಡಿದು ನೋಡಿಕೊಂಡರು, ಎರಡನೆಯ ಸಲ ಕೇಳಿದರು, ಮೂರನೆಯ ಸಲಕ್ಕೆ ಪತ್ರಿಕೆಯ ಅಂಚಿನಲ್ಲಿ ಅಕ್ಷರಗಳು ಬೀಳತೊಡಗಿದವು. ಅಂಥವರು ವಿಯು3ಕ್ಕೆ ಅರ್ಜಿ ಹಾಕುವುದು ಈಜುಗಾರ ಮೊಣಕಾಲುದ್ದದ ನೀರಿನಲ್ಲಿ ನಿಂತ ಹಾಗೆ. ನೇರವಾಗಿ ಜನರಲ್‌ಗೆ ಕೂರಿ ಎಂದೆ.

ಅವರಿಗೆ ಹ್ಯಾಂಡಿ ಬೇಡ ಎಂದದ್ದೂ ಇದಕ್ಕೇ. ಹ್ಯಾಂಡಿ ಸಾಮಾನ್ಯವಾಗಿ ಮಾಡುವುದು ಎಫ್‌ಎಂ ಧ್ವನಿಯನ್ನು ಮಾತ್ರ. ಮೋರ್ಸಿನ ಲೋಕ ಇರುವುದು 7 ಮತ್ತು 14 ಮೆಗಾಹರ್ಟ್ಸ್‌ಗಳಲ್ಲಿ. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಹವ್ಯಾಸಿ ತಂಡವೊಂದು ಅಂಡಮಾನಿನಲ್ಲೇ ಇತ್ತು. ಭಾರತಿ ಪ್ರಸಾದ್, ವಿಯು2ಆರ್‌ಬಿಐ, ಮುನ್ನಡೆಸುತ್ತಿದ್ದ ಆ ತಂಡ ಪೋರ್ಟ್‌ಬ್ಲೇರ್‌ನಿಂದ ಹೊರಜಗತ್ತಿಗೆ ಸುದ್ದಿ ಮುಟ್ಟಿಸಿದ್ದು ಎಚ್‌ಎಫ್‌ನಲ್ಲಿ. ಆ ದೂರಕ್ಕೆ ಹ್ಯಾಂಡಿಯ ಧ್ವನಿ ಹೋಗುವುದಿಲ್ಲ. ಹಿರಿಯರು ಹ್ಯಾಂಡಿಗೆ ಎತ್ತಿಟ್ಟ ಹಣವನ್ನು ಹಳೆಯ ಎಚ್‌ಎಫ್ ಸೆಟ್ಟೊಂದಕ್ಕೆ ಸೇರಿಸುವುದು ಮೇಲು.

ಅರ್ಜಿ ಹಾಕುವುದು ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. ಪರೀಕ್ಷೆ ನಡೆಸುವವರು ವೈರ್‌ಲೆಸ್ ಮಾನಿಟರಿಂಗ್ ಸಂಸ್ಥೆಯವರು. ಬೆಂಗಳೂರಿನಲ್ಲಿ ಅವರ ಕೇಂದ್ರವಿದೆ. ಬಹುಕಾಲದಿಂದ ನಡೆದುಬಂದ ದರವೆಂದರೆ ಪರೀಕ್ಷೆಗೆ 100 ರೂಪಾಯಿ, ಪರವಾನಗಿಗೆ 20 ವರ್ಷಕ್ಕೆ 1,000, ಆಜೀವಕ್ಕೆ 2,000. ಅರ್ಜಿ ತುಂಬುವ ದಿನ ಪೋರ್ಟಲ್ ಎಷ್ಟು ಕೇಳುತ್ತದೋ ಅಷ್ಟನ್ನು ಕಟ್ಟಿ. ಪಾಸಾದದ್ದಕ್ಕೆ ಸಿಗುವ ಪ್ರಮಾಣಪತ್ರವೇ ಬೇರೆ, ನಿಲ್ದಾಣ ನಡೆಸಲು ಸಿಗುವ ಪರವಾನಗಿಯೇ ಬೇರೆ. ನಡುವೆ ಪೊಲೀಸ್ ಪರಿಶೀಲನೆ ಇದೆ, ತಿಂಗಳುಗಳು ಹಿಡಿಯುತ್ತವೆ. ಪ್ರಮಾಣಪತ್ರ ಕೈಗೆ ಬಂದ ಸಂಭ್ರಮದಲ್ಲಿ ಗುಂಡಿ ಒತ್ತಿಬಿಟ್ಟವರಿದ್ದಾರೆ. ಒತ್ತಬೇಡಿ.

ಒಬ್ಬರೇ ಓದುವುದೋ, ಕ್ಲಬ್ಬಿಗೆ ಹೋಗುವುದೋ

ಬೆಂಗಳೂರಿನವರಿಗೆ ಈ ಪ್ರಶ್ನೆ ಕಷ್ಟದ್ದಲ್ಲ. ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್, ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಎರಡೂ ಅಲ್ಲೇ ಇವೆ. ಮಂಗಳೂರಿನಲ್ಲೂ ಕ್ಲಬ್ಬಿದೆ. ಪಾಠಕ್ಕಿಂತ ದೊಡ್ಡ ಲಾಭ ಅಲ್ಲಿನ ಜನರಿಂದ. ಮಾತನ್ನು ಹಿಡಿದು ಮರುಪ್ರಸಾರ ಮಾಡುವ ಯಾವ ರಿಪೀಟರು ಜೀವಂತವಾಗಿದೆ, ಅದನ್ನು ತೆರೆಸುವ ಟೋನ್ ಎಷ್ಟು, ಯಾರ ಹತ್ತಿರ ಬಳಸಿದ ಸೆಟ್ಟು ಇದೆ ಎಂಬುದು ಯಾವ ಪುಸ್ತಕದಲ್ಲೂ ಇಲ್ಲ. ದೂರದ ಊರಿನವರು ಒಬ್ಬರೇ ಓದಿ ಪಾಸಾಗಬಹುದು, ತೊಂದರೆಯಿಲ್ಲ. ಆದರೆ ಪಾಸಾದ ಮೇಲೆ ಮಾತನಾಡಲು ಜನ ಬೇಕಲ್ಲ. ಐವತ್ತು ಕಿಲೋಮೀಟರ್ ಸುತ್ತಳತೆಯಲ್ಲಿ ಇನ್ನೊಬ್ಬ ಹ್ಯಾಮ್ ಇಲ್ಲದ ಊರಿನಲ್ಲಿ ಹ್ಯಾಂಡಿ ಎಂದರೆ ವಿವಿಧ ಭಾರತಿ ಕೇಳುವ ದುಬಾರಿ ಪೆಟ್ಟಿಗೆ.

ಕಾಯುವ ತಿಂಗಳುಗಳಲ್ಲಿ ಕಿವಿ ಹದ ಮಾಡಿಕೊಳ್ಳಲು ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯ ಅಂತರಜಾಲದಲ್ಲಿ ತೆರೆದಿಟ್ಟಿರುವ ರಿಸೀವರು ಇದೆ. ಬ್ರೌಸರಿನಲ್ಲಿ ತೆರೆದು 7 ಅಥವಾ 14 ಮೆಗಾಹರ್ಟ್ಸ್‌ಗೆ ಹೋದರೆ ಜಗತ್ತಿನ ಹ್ಯಾಮ್‌ಗಳು ಹೇಗೆ ಕರೆಯುತ್ತಾರೆ, ಹೇಗೆ ಬೀಳ್ಕೊಡುತ್ತಾರೆ ಎಂದು ತಿಳಿಯುತ್ತದೆ. ಖರ್ಚಿಲ್ಲ, ಪರವಾನಗಿಯ ತಂಟೆಯೂ ಇಲ್ಲ.

ಸೆಟ್ಟುಗಳ ಜಟಾಪಟಿ

ತುಮಕೂರಿನ ಹುಡುಗಿ ಮೂರು ಹೆಸರು ಬರೆದುಕೊಂಡು ಬಂದಿದ್ದಳು: ಬಾವೊಫೆಂಗ್ ಯುವಿ-5ಆರ್, ಕ್ವಾನ್‌ಶೆಂಗ್ ಯುವಿ-ಕೆ5, ಯೇಸು (Yaesu) ಎಫ್‌ಟಿ-65ಆರ್. ಹೊಸಬರು ತೂಗಿ ನೋಡುವ ಪಟ್ಟಿ ಸುಮಾರು ಇದೇ. ಮೂರೂ ಎರಡೂ ಬ್ಯಾಂಡಿನಲ್ಲಿ ಕೆಲಸ ಮಾಡುತ್ತವೆ, ಮೂರರದೂ ನಾಲ್ಕೈದು ವ್ಯಾಟ್. ಕಾಗದದ ಮೇಲೆ ಒಂದೇ ತಾಯಿಯ ಮಕ್ಕಳು. ಬೆಲೆಯಲ್ಲಿ ಮಾತ್ರ ಒಂದು ಯೇಸುವಿನ ದುಡ್ಡಿಗೆ ನಾಲ್ಕೈದು ಬಾವೊಫೆಂಗ್ ಬರುತ್ತವೆ.

ಬಾವೊಫೆಂಗ್ ಬಗ್ಗೆ ಹಳೆಯ ಹ್ಯಾಮ್‌ಗಳು ಮೂಗು ಮುರಿಯುತ್ತಾರೆ. ಸಣ್ಣ ಹೊಟ್ಟೆಕಿಚ್ಚೂ ಅದರಲ್ಲಿದೆ: ತಾವು ತಿಂಗಳುಗಟ್ಟಲೆ ಬೆಸುಗೆ ಹಾಕಿ ಕಟ್ಟಿದ್ದನ್ನು ಇಂದಿನ ಹುಡುಗರು ಒಂದು ಜೊತೆ ಚಪ್ಪಲಿಯ ಬೆಲೆಗೆ ಕೊಳ್ಳುತ್ತಾರಲ್ಲ ಎಂದು. ಆದರೆ ಅವರ ಒಂದು ದೂರು ನಿಜ. ಅಗ್ಗದ ಸೆಟ್ಟುಗಳಲ್ಲಿ ಕೆಲವು 145 ಮೆಗಾಹರ್ಟ್ಸ್‌ನಲ್ಲಿ ಮಾತನಾಡುವಾಗ 290ರಲ್ಲೂ 435ರಲ್ಲೂ ಇರಬಾರದಷ್ಟು ಚೆಲ್ಲುತ್ತವೆ. ಇನ್ನೊಂದು, ಗಟ್ಟಿ ಪ್ರಸಾರದ ಗೋಪುರಗಳ ನಡುವೆ, ಉದಾಹರಣೆಗೆ ಬೆಂಗಳೂರಿನ ನಡುಮಧ್ಯೆ, ಒಂದೇ ಚಿಪ್ಪಿನಲ್ಲಿ ಇಡೀ ರಿಸೀವರನ್ನು ತುರುಕಿದ ಇಂಥ ಸೆಟ್ಟುಗಳಿಗೆ ಕಿವುಡು ಬರುತ್ತದೆ. ತುಮಕೂರಿನ ಹೊರವಲಯದಲ್ಲಿ ಆ ಕಷ್ಟ ಅಷ್ಟಿಲ್ಲ.

ಅದರ ಮೆನು ಮಾತ್ರ ತಪಸ್ಸು. ರಿಪೀಟರು ಎಂದರೆ ಎತ್ತರದಲ್ಲಿ ಕೂತು ನಿಮ್ಮ ದುರ್ಬಲ ಸಿಗ್ನಲ್ಲನ್ನು ಹಿಡಿದು ಮತ್ತೆ ಜೋರಾಗಿ ಬಿತ್ತರಿಸುವ ನಿಲ್ದಾಣ. ಎರಡು ಮೀಟರ್ ಬ್ಯಾಂಡಿನಲ್ಲಿ ಅದು ಕೇಳುವ ಆವರ್ತನ, ಹೇಳುವ ಆವರ್ತನಕ್ಕಿಂತ 600 ಕಿಲೋಹರ್ಟ್ಸ್ ಕೆಳಗೆ. ಹಲವು ರಿಪೀಟರುಗಳು ಕಿವಿಗೆ ಕೇಳಿಸದ ಟೋನ್ ಒಂದು ಬಂದರಷ್ಟೇ ಬಾಗಿಲು ತೆರೆಯುತ್ತವೆ. ಇದನ್ನು ಯುವಿ-5ಆರ್‌ಗೆ ಕೈಯಿಂದ ಊಡಿಸಬೇಕಾದರೆ 13ನೇ ಮೆನುವಿನಲ್ಲಿ ಟೋನ್, 25ರಲ್ಲಿ ಮೇಲೋ ಕೆಳಗೋ ಎಂಬುದು, 26ರಲ್ಲಿ ಎಷ್ಟು ಎಂಬುದು, ಕೊನೆಗೆ 27ರಲ್ಲಿ ನೆನಪಿನ ಕೋಣೆಗೆ, ಅಂದರೆ ಮೆಮೊರಿ ಚಾನೆಲ್ಲಿಗೆ, ಹಾಕುವುದು. ನಡುವೆ ಒಂದು ಗುಂಡಿ ತಪ್ಪಿದರೆ ಒಳಗಿನ ಹೆಣ್ಣುದನಿ ಸಂಬಂಧವಿಲ್ಲದ ಏನನ್ನೋ ಘೋಷಿಸಿ ನಿಮ್ಮನ್ನು ಬಾಗಿಲ ಹೊರಗೆ ನಿಲ್ಲಿಸುತ್ತದೆ. ನಾನು ಮೊದಲ ಸಲ ನಲವತ್ತು ನಿಮಿಷ ತೆಗೆದುಕೊಂಡೆ. ಆಮೇಲೆ ಡೇಟಾ ಕೇಬಲ್ ತಂದು, ಚಿರ್ಪ್ ಎಂಬ ಉಚಿತ ತಂತ್ರಾಂಶದಲ್ಲಿ ಕೋಷ್ಟಕ ತುಂಬುವ ಹಾಗೆ ತುಂಬಿ ಸೆಟ್ಟಿಗೆ ಇಳಿಸಿದೆ. ಐದು ನಿಮಿಷದ ಕೆಲಸ. ಮೂರೂ ಸೆಟ್ಟುಗಳಿಗೆ ಚಿರ್ಪ್ ಒಗ್ಗುತ್ತದೆ. ಕೇಬಲ್ಲನ್ನು ಸೆಟ್ಟಿನ ಜೊತೆಗೇ ತರಿಸಿ.

ಕ್ವಾನ್‌ಶೆಂಗ್ ವಯಸ್ಸಿನಲ್ಲಿ ಕಿರಿಯ. ಟೈಪ್-ಸಿ ತಂತಿಯಿಂದ ಚಾರ್ಜ್ ಆಗುತ್ತದೆ, ಪ್ರವಾಸದಲ್ಲಿ ಇದು ಸಣ್ಣ ಅನುಕೂಲವಲ್ಲ; ಬಾವೊಫೆಂಗ್‌ನ ಹಳೆಯ ಮಾದರಿಗಳಿಗೆ ಚಾರ್ಜ್ ಮಾಡುವ ತೊಟ್ಟಿಲು ಹೊತ್ತುಕೊಂಡೇ ಓಡಾಡಬೇಕು. ಹವ್ಯಾಸಿಗಳು ಇದರ ಒಳತಂತ್ರಾಂಶವನ್ನು ಬಿಚ್ಚಿ ಮತ್ತೆ ಬರೆದಿದ್ದಾರೆ, ಅಕ್ಕಪಕ್ಕದ ಸಿಗ್ನಲ್ಲುಗಳನ್ನು ಗೆರೆಗಳಾಗಿ ತೋರಿಸುವ ಪರದೆ ಕೂಡ ಬರುತ್ತದೆ. ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಆಟಿಕೆ ಈ ಬೆಲೆಗೆ ಸಿಗುವುದಿಲ್ಲ. ಆದರೆ ಬದಲಿಸಿದ ತಂತ್ರಾಂಶ ಹ್ಯಾಮ್ ಬ್ಯಾಂಡಿನಾಚೆಗೂ ಪ್ರಸಾರ ಮಾಡಲು ಬಿಟ್ಟೀತು. ಬೇಲಿ ಸೆಟ್ಟಿನಲ್ಲಿಲ್ಲದಿದ್ದರೆ ತಲೆಯಲ್ಲಿರಬೇಕು.

ಯೇಸು ಗಟ್ಟಿ. ಕೈಯಲ್ಲಿ ಹಿಡಿದರೆ ಗುಂಡಿಗಳ ಬಿಗಿಯಲ್ಲೇ ತಿಳಿಯುತ್ತದೆ. ಮಳೆಯ ತುಂತುರು, ಧೂಳು ತಡೆಯುತ್ತದೆ. ಗದ್ದಲದ ಊರಿನಲ್ಲಿ ಕೇಳುವಿಕೆಯೂ ಮೇಲು. ದಿನವೂ ಬಳಸುವವರಿಗೆ, ಮಲೆನಾಡಿನ ಮಳೆಗಾಲದಲ್ಲಿ ಓಡಾಡುವವರಿಗೆ ಇದರ ಬೆಲೆ ಹೆಚ್ಚಲ್ಲ. ಬಳಸಿದ ಎಫ್‌ಟಿ-60ಆರ್ ಕ್ಲಬ್ಬಿನ ಯಾರಾದರೂ ಕೊಡುತ್ತೇನೆಂದರೆ ಎರಡನೆಯ ಮಾತಿಲ್ಲದೆ ತೆಗೆದುಕೊಳ್ಳಿ: ಸುಮಾರು ಎರಡು ದಶಕ ಮಾರುಕಟ್ಟೆಯಲ್ಲಿ ಬಾಳಿದ ಸೆಟ್ಟು, ಒಳಗೆ ನಿಜವಾದ ಸೂಪರ್‌ಹೆಟರೊಡೈನ್ ರಿಸೀವರು.

ಡಿಎಂಆರ್, ಡಿ-ಸ್ಟಾರ್, ಸಿ4ಎಫ್‌ಎಂ ಎಂಬ ಡಿಜಿಟಲ್ ಸೆಟ್ಟುಗಳನ್ನು ಮೊದಲ ಸೆಟ್ಟಾಗಿ ಕೊಳ್ಳಬೇಡಿ. ಒಂದರ ಮಾತು ಇನ್ನೊಂದಕ್ಕೆ ಅರ್ಥವಾಗುವುದಿಲ್ಲ. ಎಂಟು ವ್ಯಾಟ್, ಹತ್ತು ವ್ಯಾಟ್ ಎಂಬ ಜಾಹೀರಾತಿಗೂ ಮರುಳಾಗಬೇಡಿ. ನಾಲ್ಕು ವ್ಯಾಟನ್ನು ಎಂಟು ಮಾಡಿದರೆ ಏರುವುದು 3 ಡೆಸಿಬೆಲ್, ಅಂದರೆ ಆಚೆ ಕಡೆಯ ಸೆಟ್ಟಿನ ಮೀಟರಿನಲ್ಲಿ ಅರ್ಧ ಗೆರೆ. ಬ್ಯಾಟರಿ ಮಾತ್ರ ಅರ್ಧ ದಿನದಲ್ಲಿ ಸುಸ್ತು.

ಅಮೆರಿಕದ ಅಣ್ಣ ತಂದುಕೊಡುತ್ತಾನೆ ಎನ್ನುವವರಿಗೆ ಒಂದು ಮಾತು. ಅಲ್ಲಿ ಎರಡು ಮೀಟರ್ ಬ್ಯಾಂಡು 148ರವರೆಗೆ ಇದೆ, ಕರೆಯುವ ಆವರ್ತನ 146.520, ಎಪ್ಪತ್ತು ಸೆಂಟಿಮೀಟರಿನದು 446.000. ಎರಡೂ ನಮ್ಮ ಹ್ಯಾಮ್ ಬ್ಯಾಂಡಿನ ಹೊರಗೆ. ಅಣ್ಣ ಪ್ರೀತಿಯಿಂದ ತುಂಬಿಸಿ ಕೊಟ್ಟ ಕೋಣೆಗಳನ್ನು ಮೊದಲು ಅಳಿಸಿ. ತರುವಾಗ ಕಸ್ಟಮ್ಸ್‌ನವರು ಪರವಾನಗಿ ಕೇಳಬಹುದು. ನಿಮ್ಮ ಪರವಾನಗಿಯ ಪ್ರತಿ ಅವನ ಕೈಯಲ್ಲಿರಲಿ.

ಅವಳಿಗೆ ನಾನು ಹೇಳಿದ್ದು ಕ್ವಾನ್‌ಶೆಂಗ್. ಉಳಿದ ಹಣಕ್ಕೆ ಆಂಟೆನಾ.

ಸೆಟ್ಟಿಗಿಂತ ಅದರ ಬಾಲ

ಸೆಟ್ಟಿನ ಜೊತೆ ಬರುವ ಗಿಡ್ಡ ರಬ್ಬರ್ ಆಂಟೆನಾ ಜೇಬಿಗೆ ಚೆಂದ, ಗಾಳಿಗೆ ಅಲ್ಲ. 145 ಮೆಗಾಹರ್ಟ್ಸ್‌ನ ಕಾಲು ಅಲೆಯ ಉದ್ದ ಅರ್ಧ ಮೀಟರಿನ ಹತ್ತಿರ. ಗೇಣುದ್ದದ ಕಡ್ಡಿ ಅದರ ಕೆಲಸ ಮಾಡುವುದು ಹೇಗೆ? ನಾಗೋಯಾ ಎನ್‌ಎ-771 ಎಂಬ ಉದ್ದನೆಯ ಆಂಟೆನಾ ಹೊಸಬರ ಮೆಚ್ಚಿನದು, ಅಷ್ಟೇ ನಕಲಿಗಳೂ ಇವೆ. ಕೊಳ್ಳುವಾಗ ತಳ ನೋಡಿ: ಬಾವೊಫೆಂಗ್, ಕ್ವಾನ್‌ಶೆಂಗ್ ಸೆಟ್ಟಿನಲ್ಲಿ ಸೂಜಿ ಇರುತ್ತದೆ, ಆಂಟೆನಾದಲ್ಲಿ ತೂತು, ಯೇಸುವಿನಲ್ಲಿ ಇದು ತಿರುವುಮುರುವು. ನಾನು ಇದನ್ನು ನೋಡದೆ ತರಿಸಿದ ಆಂಟೆನಾ ಒಂದು ಈಗಲೂ ಪೆನ್ನಿನ ಲೋಟದಲ್ಲಿ ನಿಂತಿದೆ.

ಅದಕ್ಕೂ ಅಗ್ಗದ ಉಪಾಯವೊಂದಿದೆ. ಮನೆಯ ವೈರಿಂಗಿನ ತೆಳು ತಂತಿ 49 ಸೆಂಟಿಮೀಟರ್ ಕತ್ತರಿಸಿ. ಒಂದು ತುದಿಯನ್ನು ಎರಡು ಬೆರಳಗಲ ಸುಲಿದು, ಆಂಟೆನಾ ಕೂರುವ ಜಾಗದ ಹೊರಗಿನ ಲೋಹದ ಉಂಗುರಕ್ಕೆ ಒಂದೂವರೆ ಸುತ್ತು ಹಾಕಿ, ಅದರ ಮೇಲೆ ಆಂಟೆನಾ ಬಿಗಿಯಿರಿ. ನಡುವಿನ ಸೂಜಿಗೆ ತಾಗಬಾರದು. ತಂತಿ ಬಾಲದ ಹಾಗೆ ಕೆಳಗೆ ಜೋತಾಡುತ್ತದೆ, ನೋಡಿದವರು ನಗುತ್ತಾರೆ. ಆದರೆ ಇದುವರೆಗೆ ಆಂಟೆನಾದ ಇನ್ನರ್ಧವಾಗಿ ದುಡಿಯುತ್ತಿದ್ದುದು ನಿಮ್ಮ ಕೈ. ಈಗ ಆ ಕೆಲಸ ತಂತಿಯದು. ಎರಡು ಮೀಟರಿನಲ್ಲಿ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ.

ಮನೆಯಲ್ಲಿ ಹಳೆಯ ಟಿವಿ ಆಂಟೆನಾದ ಚಪ್ಪಟೆ ರಿಬ್ಬನ್ ತಂತಿ ಇದ್ದರೆ ಜೆ-ಪೋಲ್ ಎಂಬ ಆಂಟೆನಾ ಮಾಡಿ ತಾರಸಿಯಲ್ಲಿ ಬಟ್ಟೆ ಒಣಗಿಸುವ ಕಂಬಕ್ಕೆ ನೇತುಹಾಕಬಹುದು. ಕೆಳಗೆ ತರುವ ಕೇಬಲ್ಲು ಆದಷ್ಟು ಗಿಡ್ಡವಿರಲಿ: ಆರ್‌ಜಿ-58 ಕೇಬಲ್ ಹತ್ತು ಮೀಟರಿಗೆ ಸುಮಾರು 2 ಡೆಸಿಬೆಲ್ ನುಂಗುತ್ತದೆ, ಅಂದರೆ ಐದು ವ್ಯಾಟಿನಲ್ಲಿ ಸುಮಾರು ಎರಡು ದಾರಿಯಲ್ಲೇ ಖರ್ಚು. ಕೇಬಲ್ಲು, ಕನೆಕ್ಟರುಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ಸುತ್ತಿದರಾಯಿತು.

ಇವೆಲ್ಲಕ್ಕೂ ಮೇಲಿನದು ಎತ್ತರ. ಮೀಟರಿನಲ್ಲಿ ಎತ್ತರದ ವರ್ಗಮೂಲ ತೆಗೆದು 4.12ರಿಂದ ಗುಣಿಸಿದರೆ ರೇಡಿಯೊ ಅಲೆಯ ದಿಗಂತ ಕಿಲೋಮೀಟರಿನಲ್ಲಿ ಸಿಗುತ್ತದೆ. ರಸ್ತೆಯಲ್ಲಿ ನಿಂತ ನಿಮ್ಮ ಹ್ಯಾಂಡಿಗೆ ಅದು ಐದು ಕಿಲೋಮೀಟರ್, ಅದೂ ನಡುವೆ ಮನೆ ಮರ ಇಲ್ಲದಿದ್ದರೆ. ತುಮಕೂರಿನ ಪಕ್ಕದ ದೇವರಾಯನದುರ್ಗ ಪಟ್ಟಣಕ್ಕಿಂತ ಮುನ್ನೂರೈವತ್ತು ಮೀಟರ್ ಮೇಲಿದೆ. ಅಲ್ಲಿಂದ ದಿಗಂತ ಎಪ್ಪತ್ತೇಳು ಕಿಲೋಮೀಟರ್. ಬೆಂಗಳೂರು ಅದರೊಳಗೇ ಬಂತು. ಐನೂರು ರೂಪಾಯಿಯ ಆಂಟೆನಾ ಮಾಡದ್ದನ್ನು, ಐವತ್ತು ಸಾವಿರದ ಸೆಟ್ಟು ಮಾಡದ್ದನ್ನು ಬಸ್ ಟಿಕೆಟ್ಟು ಮಾಡುತ್ತದೆ.

ಇನ್ನೂ ಎತ್ತರ ಬೇಕೆಂದರೆ ಬಾಹ್ಯಾಕಾಶವೇ ಇದೆ. ಬೆಂಗಳೂರಿನ ಹವ್ಯಾಸಿಗಳೂ ಇಸ್ರೋದವರೂ ಸೇರಿ ರೂಪಿಸಿದ 42.5 ಕಿಲೋ ತೂಕದ ಹ್ಯಾಮ್‌ಸ್ಯಾಟ್ ಉಪಗ್ರಹ 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6ರಲ್ಲಿ ಏರಿ 2014ರವರೆಗೆ ದುಡಿಯಿತು. ಅದು ಹ್ಯಾಂಡಿಯ ಎಫ್‌ಎಂಗೆ ಒಗ್ಗುವಂಥದ್ದಾಗಿರಲಿಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ರಿಪೀಟರು ಒಗ್ಗುತ್ತದೆ: 145.990ರಲ್ಲಿ 67 ಹರ್ಟ್ಸ್ ಟೋನ್ ಸೇರಿಸಿ ಕಳುಹಿಸಿದರೆ 437.800ರಲ್ಲಿ ಉತ್ತರ. ನಿಲ್ದಾಣ ಓಡುವ ವೇಗಕ್ಕೆ ಈ 437.800 ಹತ್ತು ಕಿಲೋಹರ್ಟ್ಸ್ ಮೇಲೆ ಶುರುವಾಗಿ ಹತ್ತು ಕೆಳಗೆ ಮುಗಿಯುತ್ತದೆ, ಹಾಗಾಗಿ ಐದು ಮೆಟ್ಟಿಲುಗಳನ್ನು ಮೊದಲೇ ಸೆಟ್ಟಿನ ಕೋಣೆಗಳಲ್ಲಿ ತುಂಬಿಸಿಟ್ಟುಕೊಳ್ಳಬೇಕು. ಇದು ಎರಡನೆಯ ವರ್ಷದ ಪಾಠ.

ಹುಡುಗಿಗೆ ಪರವಾನಗಿ ಬಂದದ್ದು ಕಾರ್ತಿಕದ ಹೊತ್ತಿಗೆ. ಅದರಲ್ಲಿ ನಮೂದಿಸಿದ ಷರತ್ತುಗಳನ್ನು ಸಾಲು ಸಾಲಾಗಿ ಓದಿಸಿದೆ. ಮನೆಯ ವಿಳಾಸದಿಂದಾಚೆ ಸೆಟ್ಟು ಒಯ್ಯುವವರೆಲ್ಲ ಓದಲೇಬೇಕು. ಒಂದು ಭಾನುವಾರ ಬೆಳಿಗ್ಗೆ ಅವಳು, ಅವಳ ಅಪ್ಪ, ನಾನು ದೇವರಾಯನದುರ್ಗ ಹತ್ತಿದೆವು. ಬಂಡೆಯ ಮೇಲೆ ನಿಂತು ಬಾಲ ಇಳಿಬಿಟ್ಟ ಸೆಟ್ಟು ಹಿಡಿದು, ಬೆಂಗಳೂರಿನ ರಿಪೀಟರಿಗೆ ಗುಂಡಿ ಒತ್ತಿದ ಕ್ಷಣವೇ ಉಸಿರು ಕಟ್ಟಿ ತನ್ನ ಕರೆ ಸಂಕೇತವನ್ನು ಹೇಳಿಬಿಟ್ಟಳು. ಒತ್ತಿದ ಮೇಲೆ ಒಂದು ಸೆಕೆಂಡು ಸುಮ್ಮನಿರಬೇಕು ಎಂದು ಹೇಳಲು ನಾನೇ ಮರೆತಿದ್ದೆ. ಆಚೆಯಿಂದ ಹಿರಿಯ ದನಿಯೊಂದು ಬಂತು: "ಕರೆದ ಸ್ಟೇಷನ್, ಕೊನೆಯ ಎರಡು ಅಕ್ಷರ ಮಾತ್ರ ಕೇಳಿಸಿತು. ನಿಧಾನವಾಗಿ ಮತ್ತೊಮ್ಮೆ ಹೇಳಮ್ಮ."

"ಈಗ ಏನು ಮಾಡಲಿ ಅಂಕಲ್?" ಎಂದು ಅವಳು ನನ್ನ ಕಡೆ ತಿರುಗಿದಳು.

"ಒತ್ತು. ಒಂದು ಎಣಿಸು. ಆಮೇಲೆ ಮಾತನಾಡು."

ಮಾತು ಮೂರು ನಿಮಿಷ ನಡೆಯಿತು. ಮುಗಿದ ಮೇಲೆ ಅವಳು ಬಂಡೆಯ ಮೇಲೆ ಕೂತು ಲಾಗ್ ಪುಸ್ತಕ ತೆರೆದಳು, ಕೈಗಡಿಯಾರ ನೋಡಿ 7.10 ಎಂದು ಬರೆದಳು, ಹೊಡೆದುಹಾಕಿದಳು, ಬೆರಳಲ್ಲಿ ಐದೂವರೆ ಗಂಟೆ ಕಳೆದು ಜಾಗತಿಕ ವೇಳೆಯಲ್ಲಿ (ಯುಟಿಸಿ) 0140 ಎಂದು ಬರೆದಳು.